ಭೋಂಗಾ ನಿಂತ ಮೇಲೆ ಹುಟ್ಟಿದ ಸಂಗೀತ



ಶಾಸನಗಳ ಬಗ್ಗೆಯೋ ವಚನಕಾರರ ಬಗ್ಗೆಯೋ ಏನಾದರೂ ಬರೆದಾರು ಎಂದು ಕಾದಿದ್ದವರು ಈ ಸಲ ನಮ್ಮನ್ನು ಕ್ಷಮಿಸಬೇಕು. ಇತಿಹಾಸವನ್ನೇ ಬರೆಯುತ್ತಿದ್ದೇವೆ, ಆದರೆ ಸಂಗೀತದ ಇತಿಹಾಸ. ಅದೂ ಎಂಥ ಸಂಗೀತ? ಕೇಳಿದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಕಿವಿ ಮುಚ್ಚಿಕೊಳ್ಳುವಂಥದ್ದು. ಉಳಿದ ಒಬ್ಬ ಮಾತ್ರ ಅದನ್ನು ಜನ್ಮವಿಡೀ ಬಿಡುವುದಿಲ್ಲ! ಆ ಒಬ್ಬ ಯಾಕೆ ಬಿಡುವುದಿಲ್ಲ ಎಂಬುದೇ ಇವತ್ತಿನ ವಿಷಯ.

ದೀಪಾವಳಿ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಮಾತಾಡಿಸಲು ಬಂದಿದ್ದ. ಏಳನೇ ಇಯತ್ತೆಯವರೆಗೆ ನಮ್ಮ ಕೈಯಲ್ಲೇ ಕನ್ನಡದಲ್ಲಿ ಕಲಿತವನು, ಈಗ ಪುಣೆಯಲ್ಲಿ ಇಂಜಿನಿಯರ್. ಅವನ ತಂದೆ ಸೊಲ್ಲಾಪುರದಲ್ಲಿ ಪವರ್‌ಲೂಮ್ ಮೇಲೆ ಟಾವೆಲ್ ನೇಯುವವರು. ಚಹಾ ಆದ ಮೇಲೆ ಹುಡುಗ ಮೊಬೈಲ್ ತೆಗೆದು ಇಯರ್‌ಫೋನ್ ನಮ್ಮ ಕಿವಿಗಿಟ್ಟ.

"ಸರ, ಇದನ್ನೊಂದಿಷ್ಟು ಕೇಳ್ರಿ. ಅಂಜಬ್ಯಾಡ್ರಿ ಮತ್ತ."

ನಾಲ್ಕು ನಿಮಿಷದ ಹಾಡು. ಹಾಡು ಎನ್ನುವುದಕ್ಕೆ ಅದರಲ್ಲಿ ರಾಗವಿಲ್ಲ, ಪಲ್ಲವಿಯಿಲ್ಲ. ಕೆಳಗೆಲ್ಲೋ ಒಂದು ಯಂತ್ರ ಗುಂಯ್ ಅನ್ನುತ್ತದೆ. ಅದರ ಮೇಲೆ ಸೈರನ್ನಿನ ಹಾಗೆ ಒಂದು ಸ್ವರ ಏರುತ್ತದೆ, ಇಳಿಯುತ್ತದೆ. ಅದರ ನಡುವೆ ಯಾರೋ ಒಬ್ಬರು ನೀರಿನೊಳಗಿಂದ ಮಾತಾಡಿದ ಹಾಗೆ ಏನನ್ನೋ ಹೇಳುತ್ತಾರೆ. ಬೆಳಗಿನ ಹನ್ನೊಂದು ಗಂಟೆ, ಅಂಗಳದಲ್ಲಿ ಬಿಸಿಲು, ಆದರೂ ನಮ್ಮ ಮೈಮೇಲೆ ಮುಳ್ಳೆದ್ದವು.

"ಏನೋ ಇದು? ಹಿಟ್ಟಿನ ಗಿರಣಿ ಪಟ್ಟಾ ಹರಕೊಂಡಂಗ ಕೇಳಸ್ತದ. ಇದಕ್ಕ ಸಂಗೀತ ಅಂತಾರೇನು?"

"ಅಂತಾರ್ರಿ ಸರ. ಐವತ್ತು ವರ್ಷ ಆಗ್ಲಿಕ್ಕ ಬಂತು, ಇನ್ನೂ ಹುಡುಕ್ಯಾಡಿ ಕೇಳ್ತಾರ."

"ಯಾಕ ಕೇಳ್ತಾರ?"

"ಅದನ್ನ ನೀವ ಹೇಳ್ಬೇಕ್ರಿ. ಇತಿಹಾಸದ ಮಾಸ್ತರು ನೀವು."

ಹುಡುಗ ನಕ್ಕು ಹೋದ. ನಮಗೆ ಮಾತ್ರ ಆ ಪ್ರಶ್ನೆ ಕುಟುಕತೊಡಗಿತು. ಕಾರಣ ಬೇರೆಯೇ ಇದೆ. ನಾವು ಬೆಳೆದದ್ದು ಗಿರಣಿಯ ಭೋಂಗಾ ಕೇಳಿಸುವ ಓಣಿಯಲ್ಲಿ. ಭೋಂಗಾ ಎಂದರೆ ಗಿರಣಿಯ ಸೀಟಿ, ಪಾಳಿ ಬದಲಾಗುವ ಹೊತ್ತು. ಓಣಿಯ ಹೆಂಗಸರು ಒಲೆ ಹಚ್ಚುತ್ತಿದ್ದುದು ಅದನ್ನು ಕೇಳಿಯೇ, ಗಡಿಯಾರ ನೋಡಿ ಅಲ್ಲ. ಮುಂದೆ ಗಿರಣಿ ಬಂದಾಯಿತು, ಭೋಂಗಾ ನಿಂತಿತು. ಆ ಗಿರಣಿಯಲ್ಲಿ ದುಡಿದಿದ್ದ ನಮ್ಮ ದೊಡ್ಡಪ್ಪ ಆಮೇಲೂ ಎಷ್ಟೋ ತಿಂಗಳು ರಾತ್ರಿಪಾಳಿಯ ಹೊತ್ತಿಗೆ ಸರಿಯಾಗಿ ಎದ್ದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಭೋಂಗಾ ಕೂಗುತ್ತಿದ್ದಾಗ ಯಾರಿಗೂ ಹೆದರಿಕೆ ಇರಲಿಲ್ಲ. ಅದು ನಿಂತ ಮೇಲೆ ಇಡೀ ಓಣಿಗೇ ಹೆದರಿಕೆ ಬಂತು. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾವು ಕೇಳಿದ ಆ ಹಾಡಿನ ಹೆಸರು 'ಹ್ಯಾಂಬರ್ಗರ್ ಲೇಡಿ', ಬಂದದ್ದು 1978ರಲ್ಲಿ. ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ಎಂಬ ನಾಲ್ವರ ತಂಡದ್ದು. ಈ ಬಗೆಯ ಸಂಗೀತಕ್ಕೆ 'ಇಂಡಸ್ಟ್ರಿಯಲ್ ಮ್ಯೂಸಿಕ್' ಎಂದು ಹೆಸರು ಬಂದದ್ದೂ ಅವರಿಂದಲೇ. ಕಾರ್ಖಾನೆ ಸಂಗೀತ ಎನ್ನೋಣ.

ಆದರೆ ಕಾರ್ಖಾನೆಗೂ ಸಂಗೀತಕ್ಕೂ ನಂಟು ಅವರಿಂದ ಶುರುವಾದದ್ದಲ್ಲ. ಅದಕ್ಕಿಂತ ಎಷ್ಟೋ ಮೊದಲೇ ಕಾರ್ಖಾನೆಯೊಳಗೆ ಸಂಗೀತ ಬಂದಿತ್ತು. ತಂದವರು ಕಾರ್ಮಿಕರಲ್ಲ, ಆಡಳಿತದವರು! ಎರಡನೇ ಮಹಾಯುದ್ಧದ ಕಾಲಕ್ಕೆ, 1940ರ ಜೂನ್ 23ರಂದು, ಬಿಬಿಸಿ ರೇಡಿಯೋ 'ಮ್ಯೂಸಿಕ್ ವೈಲ್ ಯು ವರ್ಕ್' ಎಂಬ ಕಾರ್ಯಕ್ರಮ ಆರಂಭಿಸಿತು. ದಿನಕ್ಕೆ ಎರಡು ಸಲ, ಅರ್ಧ ಅರ್ಧ ಗಂಟೆ. ಮದ್ದುಗುಂಡು ತಯಾರಿಸುವ ಕಾರ್ಖಾನೆಗಳಲ್ಲಿ ಕೆಲಸ ಬೇಸರವಾಗದಿರಲಿ, ಉತ್ಪಾದನೆ ಏರಲಿ ಎಂಬುದು ಉದ್ದೇಶ. ಅದು 1967ರವರೆಗೆ ನಡೆಯಿತು. ಅಮೆರಿಕದಲ್ಲಿ 1934ರಲ್ಲೇ ಮ್ಯೂಝಾಕ್ ಎಂಬ ಕಂಪನಿ ಹುಟ್ಟಿತ್ತು. ಅವರದು ಇನ್ನೂ ಲೆಕ್ಕಾಚಾರದ ಕೆಲಸ. ಹದಿನೈದು ನಿಮಿಷ ಹಾಡು, ಹದಿನೈದು ನಿಮಿಷ ಮೌನ. ಆ ಹದಿನೈದು ನಿಮಿಷದಲ್ಲಿ ಹಾಡುಗಳ ಚುರುಕು ಮೆಲ್ಲಗೆ ಏರುತ್ತ ಹೋಗಬೇಕು, ಅದರ ಸಂಗಡ ಕೈಗಳ ಚುರುಕೂ ಏರಬೇಕು. ಕೇಳುಗನ ಗಮನ ಹಾಡಿನ ಕಡೆ ಹೋಗಲೇಬಾರದು.

ಬಿಬಿಸಿಯವರ ಒಂದು ನಿಷೇಧದ ಕಥೆ ಬಲು ಮಜವಾಗಿದೆ. 'ಡೀಪ್ ಇನ್ ದಿ ಹಾರ್ಟ್ ಆಫ್ ಟೆಕ್ಸಾಸ್' ಎಂಬ ಹಾಡಿನಲ್ಲಿ ನಡುನಡುವೆ ನಾಲ್ಕು ಚಪ್ಪಾಳೆ ಬರುತ್ತವೆ. ಆ ಹಾಡನ್ನು ಈ ಕಾರ್ಯಕ್ರಮದಲ್ಲಿ ಹಾಕಬಾರದೆಂದು ತೀರ್ಮಾನವಾಯಿತು. ಯಾಕೆ ಗೊತ್ತೇ? ಚಪ್ಪಾಳೆ ಬರುವ ಕಡೆ ಕಾರ್ಮಿಕರು ಕೈಯಲ್ಲಿದ್ದ ಪಾನಾದಿಂದ ಯಂತ್ರಕ್ಕೇ ಹೊಡೆದಾರು ಎಂಬ ಭಯ! ಹಾಡು ಕೇಳುತ್ತ ಯಂತ್ರ ನಡೆಸಬಹುದು, ಯಂತ್ರವನ್ನೇ ಬಾರಿಸುವ ಹಾಗಿಲ್ಲ. ನಾವು ಈ ಸಾಲನ್ನು ಓದಿದಾಗ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗಾಯಿತು. ಮುಂದೆ 1980ರ ದಶಕದಲ್ಲಿ ಬಂದವರು ಮಾಡಿದ್ದು ಇದನ್ನೇ, ಪಾನಾ ತೆಗೆದುಕೊಂಡು ಯಂತ್ರಕ್ಕೆ ಹೊಡೆದದ್ದು.

ಯಂತ್ರದ ಸದ್ದನ್ನೇ ಸಂಗೀತ ಮಾಡಬೇಕೆಂಬ ವಿಚಾರ ಇನ್ನೂ ಹಳೆಯದು. 1913ರಲ್ಲಿ ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೋಲೋ 'ಸದ್ದುಗಳ ಕಲೆ' ಎಂಬ ಪ್ರಣಾಳಿಕೆ ಬರೆದ. ಗುರುಗುಟ್ಟುವ, ಸಿಳ್ಳೆಹಾಕುವ, ಸಿಡಿಯುವ ಪೆಟ್ಟಿಗೆವಾದ್ಯಗಳನ್ನು ತಯಾರಿಸಿ 1914ರಲ್ಲಿ ಮಿಲಾನಿನಲ್ಲಿ ನುಡಿಸಿದಾಗ ರಂಗಮಂದಿರದಲ್ಲಿ ಗದ್ದಲವೇ ಎದ್ದಿತು. 1922ರ ನವೆಂಬರ್ 7ರಂದು ಬಾಕು ಪಟ್ಟಣದಲ್ಲಿ ಅರ್ಸೇನಿ ಅವ್ರಾಮೋವ್ ಎಂಬ ರಷ್ಯನ್ ಸಂಗೀತಗಾರ ರಷ್ಯಾದ ಕ್ರಾಂತಿಯ ವಾರ್ಷಿಕೋತ್ಸವಕ್ಕೆಂದು ಊರಿನ ಕಾರ್ಖಾನೆಗಳ ಭೋಂಗಾಗಳನ್ನು, ಹಡಗುಗಳ ಸೀಟಿಗಳನ್ನು, ತೋಪುಗಳನ್ನು ಸೇರಿಸಿ ಒಂದು ಸಿಂಫನಿ ಮಾಡಿಸಿದ. ಇಡೀ ಊರೇ ವಾದ್ಯ! ಮೊಸೊಲೋವ್ ಎಂಬ ಇನ್ನೊಬ್ಬ ವಾದ್ಯವೃಂದದಿಂದಲೇ ಎರಕದ ಕಾರ್ಖಾನೆಯ ಸದ್ದು ಹೊರಡಿಸಿದ. ಇವರೆಲ್ಲರಿಗೂ ಯಂತ್ರವೆಂದರೆ ನಾಳೆಯ ಸೂರ್ಯೋದಯ. ಸದ್ದು ಎಷ್ಟು ದೊಡ್ಡದೋ ಭರವಸೆ ಅಷ್ಟು ದೊಡ್ಡದು. (ಭರವಸೆ ಏನಾಯಿತು ಎಂದರೆ, ಮೊಸೊಲೋವ್‌ನನ್ನು 1937ರಲ್ಲಿ ಅದೇ ಸರಕಾರ ಬಂಧಿಸಿ ಶ್ರಮಶಿಬಿರಕ್ಕೆ ಅಟ್ಟಿತು.)

ಅಲ್ಲಿಂದ 1970ರ ದಶಕದ ಇಂಗ್ಲೆಂಡಿಗೆ ಬನ್ನಿ. ಸೂರ್ಯೋದಯ ಮುಗಿದು ಸಂಜೆಯಾಗಿತ್ತು. 1974ರ ಮೊದಲ ಎರಡು ತಿಂಗಳು ವಿದ್ಯುತ್ ಉಳಿಸಲೆಂದು ಅಲ್ಲಿನ ಉದ್ಯಮಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ ಕೊಟ್ಟರು. 1976ರಲ್ಲಿ ಆ ದೇಶ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ನಿಂತಿತು. ನಮ್ಮನ್ನು ಆಳಿದವರು! ಜಗತ್ತಿನ ಮೊದಲ ಕಾರ್ಖಾನೆಗಳು ಎದ್ದ ನೆಲದಲ್ಲೇ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದ್ದವು. ಈ ಸಂಗೀತ ಹುಟ್ಟಿದ್ದು ಆ ಹೊತ್ತಿನಲ್ಲಿ.

ಉಕ್ಕಿನ ಊರು ಶೆಫೀಲ್ಡ್‌ನಲ್ಲಿ 1973ರಲ್ಲಿ ಮೂವರು ಹುಡುಗರು ಕ್ರಿಸ್ ವಾಟ್ಸನ್ ಎಂಬವನ ಮನೆಯ ಅಟ್ಟದಲ್ಲಿ ಕೂತು ಟೇಪ್ ರೆಕಾರ್ಡರುಗಳ ಜೊತೆ ಆಟವಾಡತೊಡಗಿದರು. ತಂಡಕ್ಕೆ ಕ್ಯಾಬರೆ ವಾಲ್ಟೇರ್ ಎಂದು ಹೆಸರಿಟ್ಟುಕೊಂಡರು. ಶೆಫೀಲ್ಡ್‌ನಲ್ಲಿ ಆ ಕಾಲಕ್ಕೆ ಬೆಳೆದ ಸಂಗೀತಗಾರರು ಮತ್ತೆ ಮತ್ತೆ ಹೇಳುವ ನೆನಪೊಂದಿದೆ. ರಾತ್ರಿ ಹಾಸಿಗೆಯಲ್ಲಿ ಮಲಗಿದರೆ ಕಣಿವೆಯ ಕಡೆಯಿಂದ ಉಕ್ಕಿನ ಕಾರ್ಖಾನೆಗಳ ದೊಡ್ಡ ಸುತ್ತಿಗೆಗಳು ಬೀಳುವ ಸದ್ದು ಬರುತ್ತಿತ್ತಂತೆ. ಊರಿನ ಎದೆಬಡಿತ ಇದ್ದ ಹಾಗೆ. ಓದುವಾಗ ನಮಗೆ ದೊಡ್ಡಪ್ಪ ನೆನಪಾದರು. 1975ರಲ್ಲಿ ಈ ಮೂವರು ಮೊದಲ ಸಲ ಜನರ ಮುಂದೆ ನುಡಿಸಿದಾಗ ಕೇಳಲು ಬಂದವರು ವೇದಿಕೆ ಏರಿ ಹೊಡೆದಾಟಕ್ಕಿಳಿದರು, ಹಾಡುಗಾರ ಆಸ್ಪತ್ರೆ ಸೇರಿದ! ಇನ್ನೊಂದು ಸೋಜಿಗ: ಇದೇ ಕ್ರಿಸ್ ವಾಟ್ಸನ್ 1981ರಲ್ಲಿ ತಂಡ ಬಿಟ್ಟು, ಮುಂದೆ ಹಕ್ಕಿಗಳ, ಹಿಮನದಿಗಳ ಸದ್ದು ಹಿಡಿಯುವ ಜಗತ್ಪ್ರಸಿದ್ಧ ಧ್ವನಿಮುದ್ರಕನಾದ. ಬಿಬಿಸಿಯ ವನ್ಯಜೀವಿ ಚಿತ್ರಗಳಲ್ಲಿ ನಾವು ಕೇಳಿದ ಎಷ್ಟೋ ಸದ್ದುಗಳು ಅವನು ಹಿಡಿದವು. ಸದ್ದನ್ನು ಸದ್ದೆಂದೇ ಕಿವಿಗೊಟ್ಟು ಕೇಳಬೇಕು ಎಂಬ ಪಾಠ ಎರಡು ಕಡೆಯೂ ಒಂದೇ.

ಲಂಡನ್ನಿನ ನಾಲ್ವರದು ಇದಕ್ಕಿಂತ ಕರಾಳ. ಜೆನೆಸಿಸ್ ಪಿ-ಆರಿಜ್, ಕೋಸಿ ಫ್ಯಾನಿ ಟುಟ್ಟಿ, ಪೀಟರ್ ಕ್ರಿಸ್ಟೋಫರ್‌ಸನ್, ಕ್ರಿಸ್ ಕಾರ್ಟರ್. ಇವರಲ್ಲಿ ಸಂಗೀತ ಶಾಲೆಯ ಮೆಟ್ಟಿಲು ಹತ್ತಿದವರು ಇರಲಿಲ್ಲ. ಕಾರ್ಟರ್ ಸಿಂಥಸೈಜರುಗಳನ್ನು ತಾನೇ ಬೆಸುಗೆ ಹಾಕಿ ತಯಾರಿಸುತ್ತಿದ್ದ. ಕೋಸಿ ಗಿಟಾರ್ ನುಡಿಸಲು ಕಲಿಯದೆಯೇ ನುಡಿಸಿದಳು. ವಾದ್ಯ ಭಾರವಾಯಿತೆಂದು ಅದರ ಕಟ್ಟಿಗೆಯನ್ನೇ ಕತ್ತರಿಸಿದಳು! ಅವರು ಅಭ್ಯಾಸ ಮಾಡುತ್ತಿದ್ದುದು ಹ್ಯಾಕ್ನಿ ಎಂಬ ಬಡ ಬಡಾವಣೆಯ ಹಳೇ ಕಾರ್ಖಾನೆ ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ಅದಕ್ಕಿಟ್ಟ ಹೆಸರು 'ಡೆತ್ ಫ್ಯಾಕ್ಟರಿ', ಸಾವಿನ ಕಾರ್ಖಾನೆ. 1976ರ ಅಕ್ಟೋಬರಿನಲ್ಲಿ ಲಂಡನ್ನಿನ ಐಸಿಎ ಎಂಬ ಸರಕಾರಿ ಅನುದಾನದ ಕಲಾಸಂಸ್ಥೆಯಲ್ಲಿ ಪ್ರದರ್ಶನ ಇಟ್ಟಾಗ ಪತ್ರಿಕೆಗಳು ಕೆಂಡ ಕಾರಿದವು. ನಿಕೋಲಸ್ ಫೇರ್‌ಬೇರ್ನ್ ಎಂಬ ಸಂಸತ್ ಸದಸ್ಯರು ಇವರನ್ನು ನಾಗರಿಕತೆಯನ್ನೇ ಕೆಡವುವವರು ಎಂದು ಬೈದರು. ಆ ಬೈಗುಳವೇ ಇವರಿಗೆ ಬಿರುದಾಯಿತು.

ಇವರ ಕಂಪನಿಯ ಹೆಸರು ಇಂಡಸ್ಟ್ರಿಯಲ್ ರೆಕಾರ್ಡ್ಸ್. 1977ರ ಮೊದಲ ಧ್ವನಿಮುದ್ರಿಕೆಗೆ ಕೊಟ್ಟ ಹೆಸರು 'ಎರಡನೇ ವಾರ್ಷಿಕ ವರದಿ'. ಮೊದಲನೆಯದೇ ಎರಡನೆಯದು! ಬಿಳಿ ರಟ್ಟಿನ ಮೇಲೆ ಒಂದು ಚೀಟಿ, ಅಷ್ಟೇ. ಮುದ್ರಿಸಿದ್ದು 785 ಪ್ರತಿ. ಕಂಪನಿಗಳು ವರ್ಷಕ್ಕೊಮ್ಮೆ ಪಾಲುದಾರರಿಗೆ ಕಳಿಸುವ ಒಣ ವರದಿಯ ಅಣಕ ಅದು. ಆದರೆ ಬರೀ ಅಣಕವೂ ಅಲ್ಲ. ಹಾಡು ಕೂಡ ಈಗ ಕಾರ್ಖಾನೆಯ ಮಾಲು, ಬಿಸ್ಕಿಟ್ ಪುಡಿಕೆಯ ಹಾಗೆ ತಯಾರಾಗಿ ಬರುತ್ತದೆ. ಹೊರಗೆ ಪ್ರೀತಿ ಪ್ರೇಮ ಎಂದು ಬರೆದಿದ್ದರೂ ಒಳಗೆ ಲೆಕ್ಕಪತ್ರ. ಅದನ್ನು ಬಚ್ಚಿಡದೆ ಹೇಳಿಬಿಡೋಣ ಎಂಬ ಹಟ ಅವರದು.

ಇನ್ನು ನಾವು ಕೇಳಿದ 'ಹ್ಯಾಂಬರ್ಗರ್ ಲೇಡಿ'. ಅದರ ಮಾತುಗಳು ಅಮೆರಿಕದ ಅಲ್ ಆಕರ್‌ಮನ್ ಎಂಬ ಲೇಖಕರ ಪತ್ರದಿಂದ ಬಂದವು. ಸೊಂಟದಿಂದ ಮೇಲೆ ಪೂರ್ತಿ ಸುಟ್ಟುಹೋಗಿ ಆಸ್ಪತ್ರೆಯಲ್ಲಿ ಜೀವ ಹಿಡಿದುಕೊಂಡಿರುವ ಒಬ್ಬ ಹೆಂಗಸಿನ ಸ್ಥಿತಿ, ಅವಳ ಆರೈಕೆ ಮಾಡುವವರ ಪಾಡು ಅದರಲ್ಲಿದೆ. ಹೆಸರಿನ ಕ್ರೌರ್ಯ ಹಾಡಿನವರದಲ್ಲ, ವಾರ್ಡಿನ ಮಾತು. ಅರ್ಥ ತಿಳಿದ ಮೇಲೆ ಮತ್ತೊಮ್ಮೆ ಕೇಳಿದೆವು. ಈಗ ಆ ಗುಂಯ್ ಸದ್ದು ಆಸ್ಪತ್ರೆಯ ಯಂತ್ರದ್ದೆಂದು ತೋಚಿತು. ನಮ್ಮ ಸಂಬಂಧಿಕ ಹೆಂಗಸೊಬ್ಬಳು ಸ್ಟೋವ್ ಸಿಡಿದು ಸುಟ್ಟುಕೊಂಡು ಎಂಟು ದಿನ ಬದುಕಿದ್ದಳು. ವಾರ್ಡಿನ ಹೊರಗೆ ಕೂತ ನಾವು ಆಗ ಕೇಳಿದ್ದು ಇಂಥದೇ ಒಂದು ಸದ್ದು. ಬಂದವರೆಲ್ಲ ದೇವರಿದ್ದಾನೆ, ಆರಾಮಾಗ್ತಾಳೆ ಎಂದು ಹೇಳಿ ಹೋಗುತ್ತಿದ್ದರು. ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ಈ ಹಾಡು ಹಾಗೆ ಹೇಳುವುದಿಲ್ಲ. ಸುಮ್ಮನೆ ಬಂದು ಪಕ್ಕದ ಬೆಂಚಿನ ಮೇಲೆ ಕೂರುತ್ತದೆ. ಅದನ್ನು ಇಷ್ಟಪಟ್ಟೆವು ಎನ್ನಲಾರೆವು. ಆದರೆ ಅರ್ಧಕ್ಕೆ ನಿಲ್ಲಿಸಲೂ ಆಗಲಿಲ್ಲ.

ಬಿ.ಎ.ದಲ್ಲಿ ಕಾವ್ಯಮೀಮಾಂಸೆ ಓದಿದ ನಮ್ಮಂಥವರಿಗೆ ತಟ್ಟನೆ ಹೊಳೆಯುವ ಉತ್ತರ ಒಂದಿದೆ. ಭರತನ ಎಂಟು ರಸಗಳಲ್ಲಿ ಭಯಾನಕವೂ ಇದೆ, ಬೀಭತ್ಸವೂ ಇದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುವ ಭಾಗ ಪಾಠ ಮಾಡುವಾಗ ಕಿಡಿಗೇಡಿ ಹುಡುಗರೂ ಸುಮ್ಮನೆ ಕೇಳುತ್ತಾರೆ. ಹಾಗಾದರೆ ಇದೂ ಅದೇ ಅಲ್ಲವೇ? ಅರ್ಧ ಮಾತ್ರ ಹೌದು. ರನ್ನನಲ್ಲಿ ಕಥೆಯಿದೆ, ದುರ್ಯೋಧನ ಎಲ್ಲಿಗೆ ಹೊರಟಿದ್ದಾನೆಂದು ಗೊತ್ತಿದೆ, ಕೊನೆ ಗೊತ್ತಿದೆ. ಇಲ್ಲಿ ಹಾಗಿಲ್ಲ. ಹಿನ್ನೆಲೆಯಲ್ಲಿ ಏನೋ ಓಡುತ್ತಿದೆ, ಯಾರು ಓಡಿಸುತ್ತಿದ್ದಾರೆ, ಯಾವಾಗ ನಿಲ್ಲುತ್ತದೆ ಎಂದು ತಿಳಿಯುವುದಿಲ್ಲ. ಕಾರ್ಖಾನೆಯ ಊರಿನವರ ಭಯ ಇಂಥದು. ಎದುರಿಗೆ ರಾಕ್ಷಸ ಇರುವುದಿಲ್ಲ, ಒಂದು ನೋಟೀಸು ಇರುತ್ತದೆ.

ಈ ಸಂಗೀತದ ಆಕರ್ಷಣೆ ಇಲ್ಲಿದೆ ಎಂದು ನಮಗೆ ಅನ್ನಿಸುತ್ತದೆ. ದಿನವಿಡೀ ಹಿನ್ನೆಲೆಯಲ್ಲಿ ಇರುವ, ಯಾರೂ ಹೆಸರಿಡದ ಅಂಜಿಕೆಯನ್ನು ಅದು ತೆಗೆದು ಮುಂದೆ ಇಡುತ್ತದೆ. ಇಷ್ಟು ಹೊತ್ತು ಎಂದು ಅವಧಿ ಹಾಕುತ್ತದೆ. ಥ್ರಾಬಿಂಗ್ ಗ್ರಿಸಲ್‌ನವರು ಎಷ್ಟೋ ಕಛೇರಿಗಳನ್ನು ಗಡಿಯಾರ ಇಟ್ಟುಕೊಂಡು ಸರಿಯಾಗಿ ಒಂದು ಗಂಟೆಗೆ ಮುಗಿಸುತ್ತಿದ್ದರು, ಪಾಳಿ ಮುಗಿದ ಹಾಗೆ. ಅಂಜಿಕೆ ಅದೇ, ಆದರೆ ಅದರ ಬಟನ್ ಈಗ ನಿಮ್ಮ ಕೈಯಲ್ಲಿ.

ಬರ್ಲಿನ್ನಿನ ಕಥೆ ಹೇಳದೆ ಮುಂದೆ ಹೋದರೆ ತಪ್ಪಾದೀತು. ಗೋಡೆ ಎದ್ದು ಎರಡಾಗಿದ್ದ ಊರು. ಅದರ ಪಶ್ಚಿಮದ ಪಾಲಿನಲ್ಲಿ 1980ರ ಏಪ್ರಿಲ್ 1ರಂದು ಒಂದು ತಂಡ ಮೊದಲ ಸಲ ನುಡಿಸಿತು. ಹೆಸರು ಐನ್‌ಸ್ಟೂರ್ಟ್ಸೆಂಡೆ ನೊಯ್‌ಬೌಟನ್. ನಾಲಿಗೆ ಹೊರಳದಿದ್ದರೆ ಚಿಂತೆಯಿಲ್ಲ, ನಮಗೂ ಹೊರಳಲಿಲ್ಲ. ಅರ್ಥ 'ಕುಸಿಯುತ್ತಿರುವ ಹೊಸ ಕಟ್ಟಡಗಳು'. ಹೆಸರಿಟ್ಟ ಮರುತಿಂಗಳೇ, ಮೇ 21ರಂದು, ಬರ್ಲಿನ್ನಿನ ಹೆಮ್ಮೆಯ ಕಾಂಗ್ರೆಸ್ ಸಭಾಂಗಣದ ಛಾವಣಿ ನಿಜವಾಗಿಯೂ ಕುಸಿದುಬಿತ್ತು, ಒಬ್ಬರು ಸತ್ತರು. 1957ರಲ್ಲಿ ಕಟ್ಟಿದ್ದು, ಆಗಿನ್ನೂ ಹೊಸ ಕಟ್ಟಡವೇ! ಈ ತಂಡದ ಆಂಡ್ರ್ಯೂ ಉನ್ರೂಹ್ ಕೈಯಲ್ಲಿ ಕಾಸಿಲ್ಲದೆ ತನ್ನ ಡ್ರಮ್ಮುಗಳನ್ನು ಮಾರಿದ್ದ. ಆಮೇಲೆ ಕಬ್ಬಿಣದ ತಗಡು, ಪೈಪು, ಸ್ಪ್ರಿಂಗುಗಳನ್ನು ಆರಿಸಿ ತಂದು ಬಾರಿಸಿದ. ಆ ಜೂನ್ 1ರಂದು ಹೆದ್ದಾರಿ ಸೇತುವೆಯೊಂದರ ಟೊಳ್ಳು ಕಂಬದೊಳಗೆ ಹೊಕ್ಕು ಧ್ವನಿಮುದ್ರಣ ಮಾಡಿದರು, ಮೇಲೆ ಮೋಟಾರುಗಳು ಓಡುತ್ತಲೇ ಇದ್ದವು.

ಇಲ್ಲಿ ನಮ್ಮ ಗಡಿನಾಡಿನ ಒಂದು ಮಾತಿನ ಚಮತ್ಕಾರ ನೆನಪಾಗುತ್ತದೆ. ಮರಾಠಿಯಲ್ಲಿ ಗುಜರಿ ಸಾಮಾನಿಗೆ 'ಭಂಗಾರ' ಎನ್ನುತ್ತಾರೆ. ಕನ್ನಡದಲ್ಲಿ ಬಂಗಾರ ಎಂದರೆ ಏನೆಂದು ಹೇಳಬೇಕಿಲ್ಲ. 'ಭಂಗಾರವಾಲಾ' ಎಂದು ಕೂಗುತ್ತ ಗಾಡಿ ಬಂದಾಗ ಒಂದನೇ ಇಯತ್ತೆಯ ನಮ್ಮ ಮಕ್ಕಳು ಕಣ್ಣರಳಿಸುತ್ತಾರೆ. ಬರ್ಲಿನ್ನಿನ ಈ ಹುಡುಗರು ನಮ್ಮ ಒಂದನೇ ಇಯತ್ತೆಯವರ ಹಾಗೆಯೇ ಕೇಳಿಸಿಕೊಂಡರು ಅನ್ನಿಸುತ್ತದೆ. 1984ರ ಜನವರಿಯಲ್ಲಿ ಲಂಡನ್ನಿನ ಅದೇ ಐಸಿಎ ವೇದಿಕೆಯಲ್ಲಿ ಇವರು ಕಾಂಕ್ರೀಟ್ ಮಿಕ್ಸರ್, ಡ್ರಿಲ್‌ಗಳನ್ನು ತಂದು ನೆಲವನ್ನೇ ಕೊರೆಯತೊಡಗಿದಾಗ ಕಛೇರಿಯನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು.

ಆಗಿನ ಯುಗೊಸ್ಲಾವಿಯಾದ ಗಣಿಗಾರಿಕೆಯ ಊರು ತ್ರ್ಬೋವ್ಲ್ಯೆ. 360 ಮೀಟರ್ ಎತ್ತರದ ಅಲ್ಲಿನ ವಿದ್ಯುತ್ ಸ್ಥಾವರದ ಚಿಮಣಿ ಯುರೋಪಿನಲ್ಲೇ ಎತ್ತರದ್ದು. 1980ರಲ್ಲಿ ಅಲ್ಲಿ ಲೈಬಾಖ್ ಎಂಬ ತಂಡ ಹುಟ್ಟಿತು. ಲೈಬಾಖ್ ಎಂಬುದು ಸ್ಲೊವೇನಿಯನ್ನರ ರಾಜಧಾನಿ ಲ್ಯುಬ್ಲ್ಯಾನಾದ ಹಳೆಯ ಜರ್ಮನ್ ಹೆಸರು, ನಾಜಿಗಳು ಆಳುವಾಗ ಮತ್ತೆ ಬಳಕೆಗೆ ಬಂದದ್ದು. ಹಾಡಿಗಿಂತ ಹೆಸರೇ ಜನರನ್ನು ಕೆರಳಿಸಿತು. 1983ರಲ್ಲಿ ಆ ಹೆಸರಿನಲ್ಲಿ ರಾಜಧಾನಿಯಲ್ಲಿ ಕಛೇರಿ ನಡೆಸಬಾರದೆಂದು ನಿಷೇಧ ಬಿತ್ತು. ಒಂದೇ ಊರಿಗೆ ಎರಡು ಭಾಷೆಯಲ್ಲಿ ಎರಡು ಹೆಸರು ಇದ್ದರೆ ಏನೇನು ರಾಮಾಯಣ ಆಗುತ್ತದೆಂದು ನಮ್ಮಂಥವರಿಗೆ ಬೇರೆ ಯಾರೂ ವಿವರಿಸಬೇಕಿಲ್ಲ, ಬಿಡಿ.

ಇಷ್ಟು ಹೊಗಳಿದ ಮೇಲೆ ನಮ್ಮ ತಕರಾರನ್ನೂ ಹೇಳಬೇಕು. ಥ್ರಾಬಿಂಗ್ ಗ್ರಿಸಲ್‌ನವರು ಕಂಪನಿಯ ಮುದ್ರೆಯಾಗಿ ಬಳಸಿದ ಚಿತ್ರ ನೋಡಲು ಯಾವುದೋ ಕಾರ್ಖಾನೆಯದು. ವಾಸ್ತವದಲ್ಲಿ ಅದು ಆಶ್‌ವಿಟ್ಸ್ ಸಂಹಾರ ಶಿಬಿರದ್ದು. ಮನುಷ್ಯರನ್ನು ಕೊಲ್ಲುವುದಕ್ಕೂ ಕಾರ್ಖಾನೆ ಕಟ್ಟಿದ ಶತಮಾನ ಇದು ಎಂಬುದನ್ನು ತೋರಿಸಿದೆವು ಎನ್ನಬಹುದು. ಒಪ್ಪೋಣ. ಆದರೆ ಆ ಚಿತ್ರ ಅಂಗಿಯ ಮೇಲೆ, ಬಿಲ್ಲೆಯ ಮೇಲೆ ಬಂದರೆ ಧರಿಸಿದವನಿಗೆ ನೆನಪಾಗುವುದು ಸತ್ತವರೋ, ತನ್ನ ಧೈರ್ಯವೋ? ಬೇರೆಯವರ ಹೆಣದ ಮೇಲೆ ನಮ್ಮ ಗತ್ತು ಮೆರೆಯಬಾರದು. ಈ ವಿಷಯದಲ್ಲಿ ಅವರು ದಾರಿ ತಪ್ಪಿದರು ಎಂದೇ ನಮ್ಮ ಅಭಿಪ್ರಾಯ. ಕೋಸಿ 2017ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ತಂಡದೊಳಗೇ ಪಿ-ಆರಿಜ್ ತಮ್ಮ ಮೇಲೆ ದೌರ್ಜನ್ಯ ನಡೆಸಿದರೆಂದು ಬರೆದಿದ್ದಾರೆ. ಪಿ-ಆರಿಜ್ ಅದನ್ನು ಅಲ್ಲಗಳೆದರು, 2020ರಲ್ಲಿ ತೀರಿಕೊಂಡರು. ಅಧಿಕಾರದ ಕ್ರೌರ್ಯವನ್ನು ಬಯಲಿಗೆ ಎಳೆಯುತ್ತೇವೆ ಎಂದು ಹೊರಟ ತಂಡದ ಕಥೆಯಲ್ಲಿ ಈ ಪುಟವನ್ನು ಹಾರಿಸಿ ಓದಲು ನಮಗೆ ಮನಸ್ಸು ಬರಲಿಲ್ಲ.

ಇನ್ನೂ ಒಂದು ತಕರಾರು. ಇವರಲ್ಲಿ ಎಷ್ಟು ಮಂದಿ ಯಂತ್ರದ ಮುಂದೆ ಪಾಳಿ ದುಡಿದವರು? ಇಂಗ್ಲೆಂಡಿನ ಲ್ಯಾಂಕಷೈರ್ ಬಟ್ಟೆ ಗಿರಣಿಗಳಲ್ಲಿ ಸದ್ದಿಗೆ ಮಾತು ಕೇಳಿಸದೆ, ತುಟಿ ನೋಡಿ ಮಾತು ತಿಳಿಯುವ ವಿದ್ಯೆಯನ್ನೇ ನೇಕಾರ ಹೆಂಗಸರು ಬೆಳೆಸಿಕೊಂಡಿದ್ದರು. ಅದಕ್ಕೆ 'ಮೀ-ಮಾ' ಎಂದು ಹೆಸರು. ಅವರಿಗೆ ಸದ್ದನ್ನು ನಿಲ್ಲಿಸುವ ಬಟನ್ ಇರಲಿಲ್ಲ. ನಮ್ಮ ಪವರ್‌ಲೂಮ್ ಕಾರ್ಖಾನೆಗಳಲ್ಲೂ ಅಷ್ಟೆ. ದಿನಕ್ಕೆ ಎಂಟು ತಾಸು 85 ಡೆಸಿಬೆಲ್ ದಾಟಿದ ಸದ್ದಿನಲ್ಲಿ ನಿಂತರೆ ವರ್ಷಗಳು ಕಳೆದಂತೆ ಕಿವಿ ಹೋಗುತ್ತದೆ. ಮಗ್ಗದ ಶೆಡ್ಡಿನ ಸದ್ದು ನೂರರ ಹತ್ತಿರ. ಅಂಥವರು ಮನೆಗೆ ಬಂದು ಮತ್ತೆ ಅದೇ ಸದ್ದನ್ನು ದುಡ್ಡು ಕೊಟ್ಟು ಕೇಳುತ್ತಾರೆಯೇ?

ಈ ತಕರಾರಿಗೆ ಒಂದಿಷ್ಟು ಸಮಾಧಾನ ಸಿಕ್ಕಿದ್ದು ಟೆಸ್ಟ್ ಡಿಪಾರ್ಟ್‌ಮೆಂಟ್ ತಂಡದಿಂದ. 1981ರಲ್ಲಿ ದಕ್ಷಿಣ ಲಂಡನ್ನಿನಲ್ಲಿ, ಹಡಗುಕಟ್ಟೆಗಳು ಮುಚ್ಚಿ ಹಾಳು ಬಿದ್ದಿದ್ದ ಪ್ರದೇಶದಲ್ಲಿ ಹುಟ್ಟಿದ ತಂಡ. ಅವರ ವಾದ್ಯಗಳೂ ಭಂಗಾರವೇ. 1984ರ ಮಾರ್ಚಿನಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳನ್ನು ಮುಚ್ಚುವುದರ ವಿರುದ್ಧ ದೊಡ್ಡ ಮುಷ್ಕರ ಆರಂಭವಾಯಿತು, ಒಂದು ವರ್ಷ ನಡೆಯಿತು. ಆಗ ಈ ತಂಡದವರು ವೇಲ್ಸ್‌ಗೆ ಹೋಗಿ ಮುಷ್ಕರನಿರತ ಗಣಿಕಾರ್ಮಿಕರ ಗಾಯನ ತಂಡದ ಜೊತೆ ಕೂಡಿ ಹಾಡಿದರು, 'ಶೋಲ್ಡರ್ ಟು ಶೋಲ್ಡರ್' ಎಂಬ ಧ್ವನಿಮುದ್ರಿಕೆ ತಂದರು. ಹೆಗಲಿಗೆ ಹೆಗಲು. ಒಂದು ಕಡೆ ಚರ್ಚಿನ ಪದ್ಧತಿಯ ಗಂಡುದನಿಗಳ ಇಂಪಾದ ಮೇಳ, ಇನ್ನೊಂದು ಕಡೆ ಕಬ್ಬಿಣ ಕುಟ್ಟುವ ಸದ್ದು. ಹುಡುಗನಿಗೆ ಹೇಳಿ ಇದನ್ನೂ ತರಿಸಿಕೊಂಡು ಕೇಳಿದೆವು. ಕಾರ್ಮಿಕರಿಗೆ ಇಂಪೇ ಬೇಕು, ಕಠೋರ ಸದ್ದು ಓದಿದವರ ಶೋಕಿ ಎಂದು ನಾವು ಅಂದುಕೊಂಡಿದ್ದೆವಲ್ಲ, ಆ ಲೆಕ್ಕ ಪೂರ್ತಿ ಸರಿಯಲ್ಲ ಎನ್ನಿಸಿತು. ಮುಷ್ಕರ 1985ರ ಮಾರ್ಚಿನಲ್ಲಿ ಸೋತಿತು. ಗಣಿಗಳು ಮುಚ್ಚಿದವು.

ಥ್ರಾಬಿಂಗ್ ಗ್ರಿಸಲ್ 1981ರಲ್ಲೇ ಅಂಗಡಿ ಮುಚ್ಚಿತ್ತು, 2004ರಲ್ಲಿ ಮತ್ತೆ ಕೂಡಿ 2010ರವರೆಗೆ ನುಡಿಸಿತು. ಮುಂದೆ ಈ ಸಂಗೀತ ಅಮೆರಿಕಕ್ಕೆ ಹೋಗಿ, ತಾಳ ಸೇರಿಸಿಕೊಂಡು, ಕ್ರೀಡಾಂಗಣ ತುಂಬುವಷ್ಟು ಜನಪ್ರಿಯವಾಯಿತು. ಅದು ಬೇರೆ ಕಥೆ, ನಮಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ.

ರಜೆ ಮುಗಿಯುವ ಮುಂಚೆ ಒಂದು ಸಂಜೆ ನಾವೇ ಆ ಹುಡುಗನ ಮನೆಗೆ ಹೋದೆವು. ತಂದೆ ಪಾಳಿ ಮುಗಿಸಿ ಬಂದು ಕೈಕಾಲು ತೊಳೆದುಕೊಂಡು ಕೂತಿದ್ದರು. ಮೂವತ್ತು ವರ್ಷ ಮಗ್ಗದ ಮುಂದೆ ನಿಂತವರು, ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಎದುರು ಕೂತು ಜೋರಾಗಿ ಮಾತಾಡಬೇಕು, ತುಟಿ ನೋಡುತ್ತಾರೆ. ಮಗ ಬೇಡವೆಂದರೂ ನಾವೇ ಹಟ ಮಾಡಿ ಇಯರ್‌ಫೋನನ್ನು ಅವರ ಬಲಗಿವಿಗೆ ಇಡಿಸಿದೆವು. 'ಹ್ಯಾಂಬರ್ಗರ್ ಲೇಡಿ' ಅಲ್ಲ, ಬರ್ಲಿನ್ನಿನವರದು. ಅವರು ಕಣ್ಣು ಮುಚ್ಚಿ ಕೇಳಿದರು. ಒಂದು ನಿಮಿಷ, ಎರಡು ನಿಮಿಷ. ಮುಖದ ಮೇಲೆ ಅಂಜಿಕೆ ಇಲ್ಲ, ಬೇಸರವೂ ಇಲ್ಲ. ಹಬ್ಬದ ದಿನ ಕೂಡ ಕೆಲಸದ ಲಕ್ಷ್ಯ ಇರುವವರ ಮುಖ ಅದು.

"ಹೆಂಗ ಅನಸ್ತದ್ರಿ ಯಜಮಾನ್ರ?" ಎಂದು ಜೋರಾಗಿ ಕೇಳಿದೆವು.

"ಇದು ಯಾರ ಶೆಡ್ಡಿನ್ಯಾಗಿಂದ್ರೀ ಮಾಸ್ತರ?" ಎಂದರು. "ಬೇರಿಂಗ್ ಹೋಗೇತಿ. ಬಂದ್ ಮಾಡ್ಲಿಕ್ಕ ಹೇಳ್ರಿ, ಇಲ್ಲಂದ್ರ ನಾಳೆ ಯಾರದರ ಕೈ ಹೋಗ್ತದ."